ಧರ್ಮರಾಯ ಯಾಕೆ ಎದ್ದು ಬರಲಿಲ್ಲ?

ಇವತ್ತಿನ ಮಾತು ಮುಖ್ಯವಾಗಿ ಇಲ್ಲೇ ಹುಟ್ಟಿ ಬೆಳೆದ ನಮ್ಮ ಹುಡುಗ ಹುಡುಗಿಯರಿಗೆ. ಅಪ್ಪ ಅಮ್ಮಂದಿರೂ ಕೇಳಬಹುದು, ಆದರೆ ಮಧ್ಯೆ ಬಾಯಿ ಹಾಕಬಾರದು!

ಕೆಲವು ತಿಂಗಳ ಹಿಂದೆ ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಮಹಾಭಾರತದ ಪಗಡೆಯಾಟದ ಕಥೆ ಹೇಳುತ್ತಿದ್ದೆ. ಕುಮಾರವ್ಯಾಸ ತನ್ನ ಸಭಾಪರ್ವದಲ್ಲಿ ಇದನ್ನು ಬಹಳ ವಿಸ್ತಾರವಾಗಿ ಹೇಳಿದ್ದಾನೆ. ಧರ್ಮರಾಯ ಮೊದಲು ಸಂಪತ್ತನ್ನು ಸೋತ, ಆಮೇಲೆ ರಾಜ್ಯವನ್ನು, ಆಮೇಲೆ ತಮ್ಮಂದಿರನ್ನು, ತನ್ನನ್ನು, ಕೊನೆಗೆ ದ್ರೌಪದಿಯನ್ನು. ಹದಿನಾಲ್ಕು ವರ್ಷದ ಒಬ್ಬ ಹುಡುಗ ಕೈ ಎತ್ತಿದ. "ಆಂಟಿ, ಅವನು ಅಷ್ಟು ಒಳ್ಳೆಯವನು ಅಂತೀರಿ. ಮೊದಲ ಸಲ ಸೋತ ತಕ್ಷಣ ಯಾಕೆ ಎದ್ದು ಬರಲಿಲ್ಲ?" ನಾನು ಉತ್ತರ ಹುಡುಕುವಷ್ಟರಲ್ಲಿ ಪಕ್ಕದಲ್ಲಿದ್ದ ಹುಡುಗಿ ಮೆಲ್ಲಗೆ ಹೇಳಿದಳು, "ನಿನ್ನೆ ರಾತ್ರಿ ನೀನು ಫೋನ್ ಇಟ್ಟು ಯಾಕೆ ಮಲಗಲಿಲ್ಲ?" ಇಡೀ ತರಗತಿ ನಕ್ಕಿತು. ನಾನೂ ನಕ್ಕೆ, ಆದರೆ ಒಳಗೆ ಸ್ವಲ್ಪ ಚುಚ್ಚಿತು.

ಯಾಕೆಂದರೆ ಅದೇ ವಾರ ನಾನು ನನ್ನ ಮಗನಿಗೆ ಇದೇ ವಿಷಯಕ್ಕೆ ಜೋರಾಗಿ ಬೈದಿದ್ದೆ. "ನಿನಗೆ ಸ್ವಲ್ಪವೂ ಮನಸ್ಸಿನ ಹತೋಟಿ ಇಲ್ಲ" ಅಂದಿದ್ದೆ. ಅವನು ಎದುರು ಮಾತಾಡಲಿಲ್ಲ. "ಅಮ್ಮ, ನನಗೂ ನಿಲ್ಲಿಸಬೇಕು ಅಂತಲೇ ಇರುತ್ತೆ" ಅಂದು ರೂಮಿಗೆ ಹೋದ. ಆ ರಾತ್ರಿ ನಾನು ಅಡುಗೆಮನೆ ಒರೆಸಿ, ಐದು ನಿಮಿಷ ಕೂರೋಣ ಅಂತ ಫೋನ್ ಹಿಡಿದೆ. ಒಬ್ಬಾಕೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ಆಮೇಲೆ ಇನ್ನೊಬ್ಬಾಕೆಯ ಸೀರೆ, ಆಮೇಲೆ ಯಾರದೋ ಗೃಹಪ್ರವೇಶ, ಆಮೇಲೆ ಮೊಣಕಾಲು ನೋವಿಗೆ ಮನೆಮದ್ದು. ತಲೆ ಎತ್ತಿದಾಗ ಗಂಟೆ ಒಂದೂಕಾಲು. ಮಗನಿಗೆ ಹೇಳಿದ ಮಾತು ನನಗೇ ವಾಪಸ್ ಬಂತು.

ಹಾಗಾಗಿ ಓದಲು ಕೂತೆ. ನಾನು ಓದಿದ್ದು ಕನ್ನಡ ಎಂ.ಎ., ಕಂಪ್ಯೂಟರ್ ಅಲ್ಲ. ಆದರೆ ಒಂದು ವಿಷಯ ಅರ್ಥವಾಗಬೇಕಾದರೆ ಅದು ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋಗಿ ನೋಡು ಅಂತ ನಮ್ಮ ಮೇಷ್ಟ್ರು ಕಲಿಸಿದ್ದಾರೆ. ಹಾಗೆ ಹಿಂದಕ್ಕೆ ಹೋದಾಗ ಸಿಕ್ಕ ಕಥೆ ಇದು.

ಮೊದಲು ಪದದಿಂದಲೇ ಶುರು ಮಾಡೋಣ. ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಎಂಬ ಗಣಿತಜ್ಞ ಇದ್ದ. ಭಾರತದ ಅಂಕಿಗಳನ್ನು ಬಳಸಿ ಲೆಕ್ಕ ಮಾಡುವುದು ಹೇಗೆ ಎಂದು ಅವನು ಬರೆದ ಪುಸ್ತಕ ಮುಂದೆ ಲ್ಯಾಟಿನ್ ಭಾಷೆಗೆ ಹೋಯಿತು. ಅಲ್ಲಿನವರ ಬಾಯಲ್ಲಿ ಅವನ ಹೆಸರು ಅಲ್ಗೊರಿಟ್ಮಿ ಆಯಿತು. ಅಲ್ಗಾರಿದಮ್ ಎಂಬ ಪದ ಹುಟ್ಟಿದ್ದು ಅಲ್ಲಿಂದ. ಅರ್ಥ ಇಷ್ಟೇ: ಒಂದಾದ ಮೇಲೊಂದರಂತೆ ಮಾಡಬೇಕಾದ ಹೆಜ್ಜೆಗಳು. ಅಜ್ಜಿ ಹೇಳಿಕೊಟ್ಟ ಬಿಸಿಬೇಳೆಭಾತಿನ ವಿಧಾನವೂ ಒಂದು ಅಲ್ಗಾರಿದಮ್ಮೇ. ಹಾಗಾಗಿ ಪದದಲ್ಲಿ ಹೆದರುವಂಥದ್ದು ಏನೂ ಇಲ್ಲ. ಈ ಅಡುಗೆ ಯಾರಿಗಾಗಿ ಬೇಯುತ್ತಿದೆ ಎಂಬುದನ್ನು ಮಾತ್ರ ನೋಡಬೇಕು.

ಅದಕ್ಕೆ ಉತ್ತರ ಸಿಗುವುದು 1833ರ ನ್ಯೂಯಾರ್ಕಿನಲ್ಲಿ. ಆ ಕಾಲದಲ್ಲಿ ಅಲ್ಲಿ ಒಂದು ದಿನಪತ್ರಿಕೆಗೆ ಆರು ಸೆಂಟ್ ಬೆಲೆ. ಕೂಲಿಕಾರರು ಕೊಳ್ಳುವ ಹಾಗಿರಲಿಲ್ಲ. ಬೆಂಜಮಿನ್ ಡೇ ಎಂಬ ಯುವಕ 'ದಿ ಸನ್' ಎಂಬ ಪತ್ರಿಕೆ ತೆಗೆದು ಒಂದೇ ಸೆಂಟಿಗೆ ಮಾರಿದ. ನಷ್ಟ ಹೇಗೆ ತುಂಬುತ್ತಿತ್ತು? ಜಾಹೀರಾತಿನಿಂದ. ಅಂದರೆ ಅವನು ಓದುಗರಿಗೆ ಪತ್ರಿಕೆ ಮಾರುತ್ತಿದ್ದ ಹಾಗೆಯೇ, ಓದುಗರ ಗಮನವನ್ನು ಅಂಗಡಿಯವರಿಗೆ ಮಾರುತ್ತಿದ್ದ. ಹೆಚ್ಚು ಕಣ್ಣು, ಹೆಚ್ಚು ಹಣ. ಎರಡೇ ವರ್ಷದಲ್ಲಿ, 1835ರ ಆಗಸ್ಟ್‌ನಲ್ಲಿ, ಅದೇ ಪತ್ರಿಕೆ ಚಂದ್ರನ ಮೇಲೆ ಬಾವಲಿಯಂಥ ರೆಕ್ಕೆಯ ಮನುಷ್ಯರಿದ್ದಾರೆ ಎಂದು ಸರಣಿ ಲೇಖನ ಬರೆಯಿತು. ಎಲ್ಲ ಸುಳ್ಳು. ಜನ ಮುಗಿಬಿದ್ದು ಓದಿದರು. ಗಮನ ಮಾರುವ ವ್ಯಾಪಾರದಲ್ಲಿ ಸುಳ್ಳಿಗೆ ಒಳ್ಳೆಯ ಬೆಲೆ ಇದೆ ಎಂದು ಆಗಲೇ ಗೊತ್ತಾಗಿತ್ತು.

ಮುಂದೆ 1971ರಲ್ಲಿ ಹರ್ಬರ್ಟ್ ಸೈಮನ್ ಎಂಬ ವಿದ್ವಾಂಸರು ಒಂದು ಸರಳ ಮಾತು ಹೇಳಿದರು. ಮಾಹಿತಿ ಹೆಚ್ಚಾದಂತೆ ಅದು ನಮ್ಮ ಗಮನವನ್ನು ತಿನ್ನುತ್ತ ಹೋಗುತ್ತದೆ, ಹಾಗಾಗಿ ಮುಂದೆ ಕೊರತೆ ಬೀಳುವುದು ಗಮನಕ್ಕೇ ಎಂಬುದು ಅವರ ಮಾತಿನ ಸಾರ. ಇವರಿಗೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಆ ಮಾತು ಹೇಳಿದಾಗ ಮನೆಗಳಿಗೆ ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ.

ಇನ್ನೊಂದು ಎಳೆ ಪಗಡೆಗೆ ಹತ್ತಿರದ್ದು. 1890ರ ದಶಕದಲ್ಲಿ ನಮ್ಮ ಬೇ ಏರಿಯಾದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಜರ್ಮನಿಯಿಂದ ವಲಸೆ ಬಂದಿದ್ದ ಚಾರ್ಲ್ಸ್ ಫೇ ಎಂಬ ಮೆಕ್ಯಾನಿಕ್ ಒಂದು ಜೂಜಿನ ಯಂತ್ರ ಮಾಡಿದ. ಕಾಸು ಹಾಕಿ ಹಿಡಿ ಎಳೆದರೆ ಮೂರು ಚಕ್ರ ತಿರುಗುತ್ತವೆ, ಚಿತ್ರಗಳು ಹೊಂದಿದರೆ ಹಣ ಬೀಳುತ್ತದೆ. ಇವತ್ತು ಲಾಸ್ ವೇಗಸ್‌ನಲ್ಲಿ ಸಾಲುಸಾಲಾಗಿ ನಿಂತಿರುವ ಸ್ಲಾಟ್ ಮೆಷಿನ್‌ಗಳ ಅಜ್ಜ ಅದು.

ಜನ ಅದರ ಮುಂದೆ ಯಾಕೆ ಗಂಟೆಗಟ್ಟಲೆ ನಿಲ್ಲುತ್ತಾರೆ ಎಂಬುದಕ್ಕೆ ಉತ್ತರ ಕೊಟ್ಟದ್ದು ಪಾರಿವಾಳಗಳು! ಬಿ.ಎಫ್. ಸ್ಕಿನ್ನರ್ ಎಂಬ ಮನೋವಿಜ್ಞಾನಿ ಇಲಿ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ಪ್ರಯೋಗ ಮಾಡುತ್ತಿದ್ದರು. ಗುಂಡಿ ಕುಕ್ಕಿದರೆ ಕಾಳು. ಇಂತಿಷ್ಟು ಸಲ ಕುಕ್ಕಿದರೆ ಕಾಳು ಎಂದು ನಿಗದಿಯಾಗಿದ್ದರೆ, ಪಾರಿವಾಳ ಕಾಳು ಸಿಕ್ಕ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಆದರೆ ಯಾವ ಸಲ ಕುಕ್ಕಿದರೆ ಬೀಳುತ್ತದೋ ಗೊತ್ತಿಲ್ಲ ಎಂಬ ಹಾಗೆ ಮಾಡಿದರೆ? ಎಡೆಬಿಡದೆ ಕುಕ್ಕುತ್ತಲೇ ಇರುತ್ತದೆ. ಕಾಳು ಬೀಳುವುದು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತದೆ. 1957ರಲ್ಲಿ ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ ಇದನ್ನೆಲ್ಲ ದೊಡ್ಡ ಪುಸ್ತಕವಾಗಿ ಬರೆದರು. ನೀವು ಬೆರಳಿನಿಂದ ತೆರೆಯನ್ನು ಕೆಳಕ್ಕೆ ಎಳೆದು ಬಿಟ್ಟು, ಹೊಸದೇನು ಬರುತ್ತದೋ ಎಂದು ಕಾಯುತ್ತೀರಲ್ಲ, ಆ ಅರೆಕ್ಷಣ ನೆನಪಿಸಿಕೊಳ್ಳಿ. ಹತ್ತು ಸಲ ಎಳೆದರೆ ಒಂಬತ್ತು ಸಲ ಜೊಳ್ಳು, ಒಂದು ಸಲ ಕಾಳು. ಯಾವಾಗ ಎಂದು ಗೊತ್ತಿಲ್ಲ. ಧರ್ಮರಾಯನಿಗೂ ಮುಂದಿನ ದಾಳದಲ್ಲಿ ಎಲ್ಲ ವಾಪಸ್ ಬರಬಹುದು ಅನ್ನಿಸಿದ್ದು ಹೀಗೆಯೇ ಇರಬೇಕು.

ಈ ಎರಡು ಎಳೆಗಳು ಒಂದಾದದ್ದು ಈ ಶತಮಾನದಲ್ಲಿ, ನಮ್ಮ ಮನೆಗಳಿಂದ ಅರ್ಧ ಗಂಟೆ ಕಾರಿನ ದಾರಿಯಲ್ಲಿ. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬಿ.ಜೆ. ಫಾಗ್ ಎಂಬುವರು ಒಂದು ಪ್ರಯೋಗಾಲಯ ತೆರೆದರು. ಕಂಪ್ಯೂಟರ್ ಮನುಷ್ಯರ ನಡವಳಿಕೆಯನ್ನು ಹೇಗೆ ಬದಲಿಸಬಲ್ಲದು ಎಂಬುದೇ ಅಲ್ಲಿನ ಅಧ್ಯಯನ. ಇದು ಒಳ್ಳೆಯದಕ್ಕೂ ಆಗುತ್ತದೆ, ಕೆಟ್ಟದ್ದಕ್ಕೂ ಆಗುತ್ತದೆ ಎಂದು ಅವರೂ ಎಚ್ಚರಿಸಿದ್ದರು.

ಆಮೇಲೆ ಬಂದದ್ದು 2006. ಆ ವರ್ಷ ಸೆಪ್ಟೆಂಬರ್ 5ರಂದು ಫೇಸ್‌ಬುಕ್ ತನ್ನ ನ್ಯೂಸ್ ಫೀಡ್ ಶುರು ಮಾಡಿತು. ಅದಕ್ಕೆ ಮುಂಚೆ ಗೆಳೆಯರ ಸುದ್ದಿ ಬೇಕಾದರೆ ನೀವೇ ಒಬ್ಬೊಬ್ಬರ ಪುಟಕ್ಕೂ ಹೋಗಬೇಕಿತ್ತು, ಒಬ್ಬೊಬ್ಬರ ಮನೆ ಬಾಗಿಲು ತಟ್ಟಿದ ಹಾಗೆ. ಈಗ ಎಲ್ಲವೂ ನಿಮ್ಮ ಬಾಗಿಲಿಗೇ ಬಂತು. ಆಗ ಅದನ್ನು ಬಳಸುತ್ತಿದ್ದವರು ಹೆಚ್ಚಾಗಿ ಕಾಲೇಜು ವಿದ್ಯಾರ್ಥಿಗಳು. ಅವರು ಸಿಟ್ಟಾದರು. ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಜನ ವಿರೋಧದ ಗುಂಪಿಗೆ ಸೇರಿದರು. ವಿಚಿತ್ರ ನೋಡಿ, ಆ ವಿರೋಧ ಅಷ್ಟು ಬೇಗ ಹಬ್ಬಿದ್ದು ಅದೇ ನ್ಯೂಸ್ ಫೀಡ್‌ನಿಂದ! ಕಂಪನಿ ಕ್ಷಮೆ ಕೇಳಿ ಕೆಲವು ಖಾಸಗಿ ಆಯ್ಕೆಗಳನ್ನು ಕೊಟ್ಟಿತು, ಫೀಡ್ ಮಾತ್ರ ಉಳಿಯಿತು.

ಅದೇ 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ, ಪುಟದ ತುದಿಯೇ ಇಲ್ಲದೆ ಕೆಳಗೆ ಹೋದಂತೆಲ್ಲ ಹೊಸದು ಬರುವ ವಿಧಾನ ರೂಪಿಸಿದರು. ಜನರಿಗೆ 'ಮುಂದಿನ ಪುಟ' ಒತ್ತುವ ತೊಂದರೆ ತಪ್ಪಲಿ ಎಂಬುದು ಉದ್ದೇಶ. ನಮ್ಮ ಮದುವೆ ಊಟವನ್ನು ನೆನೆಸಿಕೊಳ್ಳಿ. ಎಷ್ಟೇ ಬಡಿಸಲಿ, ಮೊಸರನ್ನ ಬಂತೆಂದರೆ ಊಟ ಮುಗಿಯಿತು ಎಂದು ಎಲ್ಲರಿಗೂ ಗೊತ್ತು, ಎಲೆ ಮಡಚಿ ಏಳುತ್ತೇವೆ. ಈ ಫೀಡ್ ಮೊಸರನ್ನವೇ ಬಾರದ ಊಟ. ಮುಂದೆ ರಾಸ್ಕಿನ್ ಅವರೇ ತಾನು ಮಾಡಿದ್ದಕ್ಕೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. 2009ರಲ್ಲಿ ಫೇಸ್‌ಬುಕ್‌ನ ಲೈಕ್ ಗುಂಡಿ ಬಂತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಜಸ್ಟಿನ್ ರೋಸೆನ್‌ಸ್ಟೈನ್ ಕೆಲವು ವರ್ಷದ ಮೇಲೆ, ತಾನೇ ಇಂಥ ಆ್ಯಪ್‌ಗಳಿಂದ ದೂರವಿರಲು ತನ್ನ ಫೋನಿಗೆ ಕಡಿವಾಣ ಹಾಕಿಕೊಂಡಿದ್ದನ್ನು ಹೇಳಿಕೊಂಡರು. ಕಟ್ಟಿದವರಿಗೇ ಹತೋಟಿ ಕಷ್ಟವಾಗಿತ್ತು.

ಮೊದಮೊದಲು ಫೀಡ್ ಎಂದರೆ ಗೆಳೆಯರ ಸುದ್ದಿ. ಆಮೇಲೆ ಲೆಕ್ಕ ಬದಲಾಯಿತು. 2012ರಲ್ಲಿ ಯೂಟ್ಯೂಬ್, ಎಷ್ಟು ಜನ ಕ್ಲಿಕ್ ಮಾಡಿದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಹೆಚ್ಚು ಬೆಲೆ ಕೊಡಲು ಶುರುಮಾಡಿತು. 2016ರಲ್ಲಿ ಇನ್‌ಸ್ಟಾಗ್ರಾಮ್, ಟ್ವಿಟರ್ ಎರಡೂ ಸಮಯದ ಕ್ರಮ ಬಿಟ್ಟು ಅಲ್ಗಾರಿದಮ್ ಜೋಡಿಸಿದ ಕ್ರಮಕ್ಕೆ ಹೊರಳಿದವು. 2018ರಲ್ಲಿ ಮ್ಯೂಸಿಕಲಿಯನ್ನು ನುಂಗಿಕೊಂಡ ಟಿಕ್‌ಟಾಕ್, ಗೆಳೆಯರೇ ಬೇಕಾಗಿಲ್ಲ ಎಂದು ತೋರಿಸಿತು. ಪೂರ್ತಿ ಅಪರಿಚಿತರ ವಿಡಿಯೋಗಳಿಂದಲೇ ನಿಮ್ಮನ್ನು ಹಿಡಿದಿಡಬಹುದು.

ಇದು ಕೆಲಸ ಮಾಡುವ ಬಗೆ ಹೀಗೆ. ನಿಮಗೆ ತೋರಿಸಬಹುದಾದ ಸಾವಿರಾರು ವಿಡಿಯೋಗಳಿವೆ. ಒಂದೊಂದಕ್ಕೂ ಯಂತ್ರ ಅಂದಾಜು ಹಾಕುತ್ತದೆ: ಇವಳು ಇದನ್ನು ಪೂರ್ತಿ ನೋಡುತ್ತಾಳಾ, ಲೈಕ್ ಒತ್ತುತ್ತಾಳಾ, ಗೆಳತಿಗೆ ಕಳಿಸುತ್ತಾಳಾ, ಕಾಮೆಂಟ್ ಬರೆಯುತ್ತಾಳಾ? ಒಂದೊಂದಕ್ಕೂ ಇಷ್ಟಿಷ್ಟು ಅಂಕ. ಹೆಚ್ಚು ಅಂಕ ಬಂದದ್ದು ಮೇಲೆ. ಆ ಅಂಕಗಳನ್ನು ನಿಗದಿ ಮಾಡುವವರು ಮನುಷ್ಯರೇ. 2017ರಿಂದ ಕೆಲವು ಕಾಲ ಫೇಸ್‌ಬುಕ್ ತನ್ನ ಲೆಕ್ಕದಲ್ಲಿ, ಸಿಟ್ಟಿನ ಮುಖವೂ ಸೇರಿದಂತೆ ಎಮೋಜಿಗಳಿಗೆ ಒಂದು ಲೈಕಿಗಿಂತ ಐದು ಪಟ್ಟು ತೂಕ ಕೊಟ್ಟಿತ್ತು. ಸಿಟ್ಟು ತರಿಸುವ ಪೋಸ್ಟ್‌ಗಳು ಮೇಲಕ್ಕೆ ತೇಲಿದವು. 2020ರಲ್ಲಿ ಸಿಟ್ಟಿನ ಮುಖದ ತೂಕವನ್ನು ಸೊನ್ನೆಗೆ ಇಳಿಸಿದರು.

ಇಲ್ಲಿ ಒಂದು ಸೂಕ್ಷ್ಮ ಇದೆ. ನೀವು ಏನಾಗಬೇಕು ಅಂದುಕೊಂಡಿದ್ದೀರಿ ಎಂಬುದು ಯಂತ್ರಕ್ಕೆ ಕಾಣುವುದಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ಸುಸ್ತಾಗಿ ಬಿದ್ದಾಗ ನಿಮ್ಮ ಬೆರಳು ಎಲ್ಲಿ ನಿಂತಿತು ಎಂಬುದಷ್ಟೇ ಕಾಣುತ್ತದೆ. ಬೆಳಗಿನ ನೀವು ಓದಬೇಕು, ಓಡಬೇಕು, ವೀಣೆ ಅಭ್ಯಾಸ ಮಾಡಬೇಕು ಅಂದುಕೊಂಡಿರುತ್ತೀರಿ. ಯಂತ್ರ ಕಲಿಯುವುದು ರಾತ್ರಿಯ ನಿಮ್ಮಿಂದ. ಬಸವಣ್ಣನವರು ತಮ್ಮ ಮನಸ್ಸನ್ನು ಮರ್ಕಟಕ್ಕೆ ಹೋಲಿಸಿ ಒಂಬೈನೂರು ವರ್ಷವಾಗುತ್ತ ಬಂತು. ಆ ಕೋತಿ ಹಳೆಯದೇ. ಕೊಂಬೆ ಮುಗಿಯದ ಮರವನ್ನು ಅದಕ್ಕೆ ಮಾಡಿಕೊಟ್ಟದ್ದು ನಮ್ಮ ಕಾಲ.

ಇನ್ನು ಮನಸ್ಸಿನ ಆರೋಗ್ಯದ ಮಾತು. ಇಲ್ಲಿ ನಾವು ಹಿರಿಯರು ಬಹಳ ಉತ್ಪ್ರೇಕ್ಷೆ ಮಾಡುತ್ತೇವೆ, ಹಾಗಾಗಿ ತೂಗಿ ಹೇಳುತ್ತೇನೆ. 2012ರ ಜನವರಿಯಲ್ಲಿ ಫೇಸ್‌ಬುಕ್ ಒಂದು ವಾರ 6,89,003 ಬಳಕೆದಾರರ ಫೀಡ್‌ನಲ್ಲಿ ಕೆಲವರಿಗೆ ಸಂತೋಷದ, ಕೆಲವರಿಗೆ ಬೇಸರದ ಪೋಸ್ಟ್‌ಗಳನ್ನು ಕಡಿಮೆ ಮಾಡಿ ನೋಡಿತು. ಸಂತೋಷದ ಪೋಸ್ಟ್ ಕಡಿಮೆ ಕಂಡವರು ತಾವೂ ಸ್ವಲ್ಪ ಬೇಸರದ ಮಾತು ಬರೆದರು. ಪರಿಣಾಮ ಬಹಳ ಸಣ್ಣದು. ಆದರೆ 2014ರಲ್ಲಿ ಇದು ಪ್ರಕಟವಾದಾಗ, ನಮ್ಮನ್ನು ಕೇಳದೆ ನಮ್ಮ ಮನಸ್ಸಿನ ಮೇಲೆ ಪ್ರಯೋಗವೇ ಎಂದು ಜನ ಗಾಬರಿಯಾದರು. 2021ರಲ್ಲಿ ಫ್ರಾನ್ಸಿಸ್ ಹಾಗನ್ ಎಂಬ ಮಾಜಿ ಉದ್ಯೋಗಿ ಹೊರತಂದ ಕಾಗದಗಳಲ್ಲಿ, ತಮ್ಮ ದೇಹದ ಬಗ್ಗೆ ಬೇಸರವಿದ್ದ ಹದಿಹರೆಯದ ಹುಡುಗಿಯರಲ್ಲಿ ಶೇಕಡಾ 32ರಷ್ಟು ಮಂದಿ, ಇನ್‌ಸ್ಟಾಗ್ರಾಮ್ ಆ ಬೇಸರವನ್ನು ಹೆಚ್ಚಿಸಿತು ಎಂದಿದ್ದು ಕಂಡುಬಂತು. ಆ ಸಂಶೋಧನೆಯನ್ನು ತಪ್ಪಾಗಿ ಅರ್ಥೈಸಲಾಗಿದೆ ಎಂದು ಕಂಪನಿ ವಾದಿಸಿತು.

ಇನ್ನೊಂದು ಕಡೆಯೂ ಇದೆ. 2019ರಲ್ಲಿ ಏಮಿ ಓರ್ಬೆನ್ ಮತ್ತು ಆಂಡ್ರ್ಯೂ ಪ್ರಿಜಿಬಿಲ್‌ಸ್ಕಿ ಎಂಬ ಸಂಶೋಧಕರು ಲಕ್ಷಗಟ್ಟಲೆ ಹದಿಹರೆಯದವರ ಮಾಹಿತಿ ತೂಗಿ, ಡಿಜಿಟಲ್ ಬಳಕೆಗೂ ಅವರ ಕ್ಷೇಮಕ್ಕೂ ಇರುವ ನಂಟು ಬಹಳ ಚಿಕ್ಕದು ಎಂದರು. ಎಲ್ಲ ಮಕ್ಕಳಿಗೂ ಒಂದೇ ಪೆಟ್ಟು ಬೀಳುವುದಿಲ್ಲ. ಒಬ್ಬಳಿಗೆ ಅದು ಗೆಳತಿಯರ ಕೂಟ, ಇನ್ನೊಬ್ಬಳಿಗೆ ರಾತ್ರಿಯಿಡೀ ಎದುರಿಗಿಟ್ಟ ಕನ್ನಡಿ.

ಹತೋಟಿಯ ವಿಷಯದಲ್ಲಿ ನನಗೆ ಕಣ್ಣು ತೆರೆಸಿದ್ದು ಅರ್ಥಶಾಸ್ತ್ರಜ್ಞರ ಕೆಲಸ. 2018ರಲ್ಲಿ ಹಂಟ್ ಆಲ್‌ಕಾಟ್, ಮ್ಯಾಥ್ಯೂ ಜೆಂಟ್ಸ್‌ಕೋ ಮತ್ತಿತರರು ಜನರಿಗೆ ಹಣ ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದರು. ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು, ಮನಸ್ಸಿಗೂ ಸ್ವಲ್ಪ ಹಿತವಾಯಿತು. ಪ್ರಯೋಗ ಮುಗಿದ ಮೇಲೂ ಹಲವರು ಮೊದಲಿನಷ್ಟು ಬಳಸಲಿಲ್ಲ. 2022ರಲ್ಲಿ ಪ್ರಕಟವಾದ ಅವರ ಇನ್ನೊಂದು ಅಧ್ಯಯನದ ಅಂದಾಜಿನ ಪ್ರಕಾರ, ಜನ ಸೋಷಿಯಲ್ ಮೀಡಿಯಾದಲ್ಲಿ ಕಳೆಯುವ ಸಮಯದಲ್ಲಿ ಶೇಕಡಾ 31ರಷ್ಟು ಹತೋಟಿ ತಪ್ಪುವುದರಿಂದಲೇ ಆಗುವಂಥದ್ದು. ಅಲ್ಲಿ ಭಾಗವಹಿಸಿದವರು ವಯಸ್ಕರು, ನನ್ನಂಥವರು. ಮಗ ಹೇಳಿದ "ನನಗೂ ನಿಲ್ಲಿಸಬೇಕು ಅಂತಲೇ ಇರುತ್ತೆ" ಎಂಬ ಮಾತು ನೆಪವಾಗಿರಲಿಲ್ಲ.

ಈ ಕಥೆಯಲ್ಲಿ ನಮ್ಮವರೊಬ್ಬರೂ ಇದ್ದಾರೆ. ಡಾ. ವಿವೇಕ್ ಮೂರ್ತಿ. ಅವರ ಕುಟುಂಬ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯದು. ಅವರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಬೆಳೆದದ್ದು ಮಯಾಮಿಯಲ್ಲಿ, ಅಂದರೆ ನಿಮ್ಮ ಹಾಗೆಯೇ ಎರಡನೇ ತಲೆಮಾರು. ಅಮೆರಿಕದ ಸರ್ಜನ್ ಜನರಲ್ ಆಗಿ 2023ರ ಮೇ ತಿಂಗಳಲ್ಲಿ ಅವರು ದೇಶಕ್ಕೆ ಒಂದು ಎಚ್ಚರಿಕೆ ಹೊರಡಿಸಿದರು. ದಿನಕ್ಕೆ 3 ಗಂಟೆಗಿಂತ ಹೆಚ್ಚು ಸೋಷಿಯಲ್ ಮೀಡಿಯಾ ನೋಡುವ ಮಕ್ಕಳಲ್ಲಿ ಖಿನ್ನತೆ, ಆತಂಕದಂಥ ತೊಂದರೆಗಳ ಅಪಾಯ ಎರಡು ಪಟ್ಟು ಎಂದು ಅದರಲ್ಲಿತ್ತು. ಬೇಸರದಲ್ಲಿರುವ ಮಗು ಫೋನ್ ಹೆಚ್ಚು ಹಿಡಿಯುವುದೂ ಉಂಟು, ಹಾಗಾಗಿ ಯಾವುದರಿಂದ ಯಾವುದು ಎಂಬ ಚರ್ಚೆ ಇನ್ನೂ ನಡೆದಿದೆ. ಆದರೆ ಸುರಕ್ಷಿತ ಎಂದು ಸಾಬೀತಾಗದ್ದನ್ನು ಮಕ್ಕಳ ಕೈಗೆ ಕೊಟ್ಟು ಕಾಯುವುದು ಸರಿಯಲ್ಲ ಎಂಬುದು ಅವರ ನಿಲುವು. 2024ರಲ್ಲಿ ಸಿಗರೇಟಿನ ಪೊಟ್ಟಣದ ಮೇಲಿರುವಂಥ ಎಚ್ಚರಿಕೆಯ ಚೀಟಿ ಇವುಗಳಿಗೂ ಬೇಕು ಎಂದರು.

ಸಿಗರೇಟಿನ ಇತಿಹಾಸವನ್ನು ಅವರು ಸುಮ್ಮನೆ ನೆನೆಸಲಿಲ್ಲ. 1964ರಲ್ಲಿ ಆಗಿನ ಸರ್ಜನ್ ಜನರಲ್ ಲೂಥರ್ ಟೆರಿ ಅವರ ವರದಿ ಬಂದಾಗಲೂ, ಸೇದುವವರು ಬಿಡಲಿ, ಅದು ಅವರವರ ಮನಸ್ಸು ಎನ್ನುವವರಿದ್ದರು. 1965ರಲ್ಲಿ ಪೊಟ್ಟಣದ ಮೇಲೆ ಎಚ್ಚರಿಕೆ ಹಾಕುವ ಕಾನೂನು ಬಂತು. ಈಗ ಈ ವಿಷಯದಲ್ಲೂ ಕಾನೂನುಗಳು ಬರುತ್ತಿವೆ. ಯುರೋಪಿನ ಕಾನೂನು ದೊಡ್ಡ ಕಂಪನಿಗಳಿಗೆ, ಬಳಕೆದಾರರ ಜಾಡು ಹಿಡಿಯದ ಒಂದು ಫೀಡಿನ ಆಯ್ಕೆ ಕೊಡಲೇಬೇಕು ಎನ್ನುತ್ತದೆ. ಆಸ್ಟ್ರೇಲಿಯಾ 2024ರಲ್ಲಿ 16 ವರ್ಷದೊಳಗಿನವರಿಗೆ ಖಾತೆಯೇ ಬೇಡ ಎಂಬ ಕಾನೂನು ಮಾಡಿತು. ಅದೇ ವರ್ಷ ನಮ್ಮ ಕ್ಯಾಲಿಫೋರ್ನಿಯಾ, ಮಕ್ಕಳಿಗೆ ಚಟ ಹಿಡಿಸುವ ಫೀಡ್‌ಗಳಿಗೆ ಕಡಿವಾಣ ಹಾಕುವ ಕಾನೂನು ಮಾಡಿತು, ಅದರ ಮೇಲೆ ಕೋರ್ಟಿನಲ್ಲಿ ವಾದಗಳೂ ನಡೆದವು. ಇವುಗಳಲ್ಲಿ ಯಾವುದು ಸರಿ ಎಂದು ನೀವೇ ಚರ್ಚೆ ಮಾಡಿ. ನಮ್ಮ ರೇಡಿಯೋಗೆ ಬಂದು ಮಾತಾಡಿ.

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಮುಂದಿನ ಭಾನುವಾರ ನಾನು ಅವನಿಗೆ ಹೇಳಿದ್ದು ಇದು. ಧರ್ಮರಾಯನ ತಪ್ಪು ಇತ್ತು, ಪಗಡೆಯ ಆಸೆ ಅವನಲ್ಲಿತ್ತು. ಆದರೆ ಆ ದಾಳ ಶಕುನಿಯದು, ಮಂಟಪ ಕೌರವರದು, ಆಹ್ವಾನ ಬಂದದ್ದು ಹಸ್ತಿನಾವತಿಯಿಂದ. ಬರೀ ಧರ್ಮರಾಯನಿಗೆ ಬೈದರೆ ಅರ್ಧ ಕಥೆ ಹೇಳಿದ ಹಾಗೆ. ಇನ್ನೊಂದು ವಿಷಯ. ದ್ರೌಪದಿಯ ದೆಸೆಯಿಂದ ಎಲ್ಲವೂ ಒಮ್ಮೆ ವಾಪಸ್ ಸಿಕ್ಕಿತ್ತು. ಆದರೂ ಮತ್ತೆ ಕರೆದಾಗ ಅವನು ಮತ್ತೆ ಹೋಗಿ ಕೂತ! ಆ್ಯಪ್ ಅಳಿಸಿ ಮೂರು ದಿನಕ್ಕೆ ಮತ್ತೆ ಹಾಕಿಕೊಂಡಿರುವ ಯಾರಾದರೂ ಇದ್ದರೆ, ನಾಚಿಕೆ ಬೇಡ, ಚಕ್ರವರ್ತಿಗೂ ಹಾಗಾಗಿದೆ.

ನಮ್ಮ ಮನೆಯಲ್ಲಿ ಈಗ ಒಂದು ಸಣ್ಣ ಏರ್ಪಾಡು. ರಾತ್ರಿ ಹತ್ತಕ್ಕೆ ಎಲ್ಲರ ಫೋನ್ ಅಡುಗೆಮನೆಯ ಕಟ್ಟೆಯ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕ. ನನ್ನದು, ನಮ್ಮವರದೂ ಸೇರಿ. ಎಚ್ಚರಿಸಲು ಹಳೇ ಅಲಾರಂ ಗಡಿಯಾರ ತಂದೆವು. ವಾರದಲ್ಲಿ ಎರಡು ದಿನ ತಪ್ಪುತ್ತದೆ, ತಪ್ಪಿಸುವುದು ಹೆಚ್ಚಾಗಿ ನಾನೇ. ಮಗ ಈಗ ನನ್ನನ್ನು ಹಿಡಿದು ಹಾಕುತ್ತಾನೆ. "ಅಮ್ಮ, ಮೊಸರನ್ನ ಬಂತು, ಏಳು" ಅನ್ನುತ್ತಾನೆ.

ಕೊನೆಗೆ ನಿಮ್ಮಲ್ಲಿ ಒಂದು ಕೇಳಿಕೆ. ಆ ಸಭೆಯಲ್ಲಿ ಭೀಷ್ಮ, ದ್ರೋಣರಂಥ ಹಿರಿಯರು ತಲೆ ತಗ್ಗಿಸಿ ಕೂತಿದ್ದಾಗ ಎದ್ದು ನಿಂತು ಪ್ರಶ್ನೆ ಕೇಳಿದವಳು ದ್ರೌಪದಿ. ನಮ್ಮ ಬೇ ಏರಿಯಾದ ಕನ್ನಡ ಮನೆಗಳಲ್ಲಿ ಎಷ್ಟೋ ಅಪ್ಪ ಅಮ್ಮಂದಿರು ಸಾಫ್ಟ್‌ವೇರ್ ಬರೆಯುವವರು. ಇವತ್ತು ಊಟಕ್ಕೆ ಕೂತಾಗ ಅವರನ್ನು ಕೇಳಿ. ಸಿಟ್ಟಿನಿಂದ ಅಲ್ಲ, ಪ್ರೀತಿಯಿಂದ. "ಅಪ್ಪ, ನಿಮ್ಮ ಟೀಮ್ ಯಾವ ಸಂಖ್ಯೆಯನ್ನು ಮೇಲೆ ತರೋಕೆ ಕೆಲಸ ಮಾಡುತ್ತೆ?" ಅವರು ಏನು ಹೇಳುತ್ತಾರೆ ಎಂದು ಮುಂದಿನ ಭಾನುವಾರ ನನಗೂ ಹೇಳಿ. ನಾಳೆ ಆ ಕುರ್ಚಿಯಲ್ಲಿ ಕೂರುವವರು ನಿಮ್ಮಲ್ಲೇ ಕೆಲವರು. ಆಗ ಈ ಪ್ರಶ್ನೆ ನಿಮಗೆ ನೆನಪಿರಲಿ.